ಸಂಗನಕಲ್ಲು ಮ್ಯೂಸಿಯಂನಲ್ಲಿ ಏನು ನೋಡಬೇಕು?

ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಮ್ಯೂಸಿಯಂಗೆ ಹೊರಟವರು ಕೇಳುವುದು ಒಂದೇ ಮಾತು: "ಅಲ್ಲಿರೋದೆಲ್ಲ ಕಲ್ಲೇ ಅಲ್ವೇನ್ರಿ, ಯಾವುದನ್ನ ನೋಡಬೇಕು?" ಮಾಡುತ್ತ ಅರ್ಧಕ್ಕೆ ನಿಂತ ಕಲ್ಲಿನ ಕೊಡಲಿಗಳನ್ನು ನೋಡಿ ಅಂತಲೇ ನನ್ನ ಉತ್ತರ. ನುಣುಪಾದ, ಪೂರ್ತಿಯಾದ ಕೊಡಲಿ ಕಣ್ಣಿಗೆ ಚೆಂದ, ಹೌದು. ಆದರೆ ಅದರ ಮೇಲಿನ ಏಟಿನ ಗುರುತುಗಳೆಲ್ಲ ಉಜ್ಜಿ ಹೋಗಿರುತ್ತವೆ. ಕೆಲಸ ಹೇಗೆ ನಡೆಯಿತೆಂದು ತೋರಿಸುವುದು ಕೆಟ್ಟುಹೋದ ಕಲ್ಲು.

ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಹಿರೇಗುಡ್ಡ ಗ್ರಾನೈಟಿನ ಗುಡ್ಡ. ಅದರ ಬಿರುಕಿನಲ್ಲಿ ಕರಗಿದ ಶಿಲೆ ನುಗ್ಗಿ ಆರಿ, ಡಾಲರೈಟಿನ ಕಪ್ಪು ಪಟ್ಟಿಯಾಗಿದೆ. ಗ್ರಾನೈಟಿನ ಹರಳು ದಪ್ಪ, ಏಟಿಗೆ ಉದುರುತ್ತದೆ. ಡಾಲರೈಟಿನ ಹರಳು ಸಣ್ಣ, ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅದಕ್ಕೇ ಇದರಲ್ಲಿ ಚಕ್ಕೆ ಸರಿಯಾಗಿ ಏಳುತ್ತದೆ, ಕೊಡಲಿಯ ಬಾಯಿಯೂ ನಿಲ್ಲುತ್ತದೆ. ನವಶಿಲಾಯುಗದವರು, ಅಂದರೆ ಮೂರು ಸಾವಿರ ವರ್ಷಕ್ಕೂ ಹಿಂದಿನವರು, ಈ ಪಟ್ಟಿಯನ್ನೇ ಒಡೆದು ಕೊಡಲಿ ಮಾಡಿದರು.

ಮೊದಲು ಗುಂಡುಕಲ್ಲಿನಿಂದ ಎರಡೂ ಮಗ್ಗುಲಿಗೆ ಹೊಡೆದು ದೊಡ್ಡ ಚಕ್ಕೆ ಎಬ್ಬಿಸಿ ಆಕಾರ ತೆಗೆಯಬೇಕು. ಆಮೇಲೆ ಸಣ್ಣ ಚಕ್ಕೆ ತೆಗೆದು ತೆಳುವು ಮಾಡಬೇಕು. ಉಳಿದ ಏಣುಗಳನ್ನು ಗಟ್ಟಿ ಕಲ್ಲಿನಿಂದ ಕುಟ್ಟಿ ಕುಟ್ಟಿ ಪುಡಿ ಮಾಡುವುದು ಮೂರನೆಯ ಕೆಲಸ. ಕೊನೆಗೆ ನೀರು ಹಾಕಿ ಗ್ರಾನೈಟ್ ಬಂಡೆಯ ಮೇಲೆ ಉಜ್ಜುವುದು. ಗ್ರಾನೈಟಿನೊಳಗಿನ ಬೆಣಚುಕಲ್ಲಿನ ಹರಳು ಡಾಲರೈಟಿಗಿಂತ ಗಟ್ಟಿ, ಅದೇ ಸವೆಸುತ್ತದೆ. ಸಂಗನಕಲ್ಲಿನ ಬಂಡೆಗಳ ಮೇಲೆ ಉದ್ದುದ್ದ ಗುಳಿ ಬಿದ್ದಿರುವುದು ಈ ಉಜ್ಜಾಟದಿಂದ.

ಕೆಡುವುದು ಹೆಚ್ಚಾಗಿ ಮೊದಲೆರಡು ಹಂತಗಳಲ್ಲಿ. ಏಟಿಗೆ ಬಲ ಸಾಲದಿದ್ದರೆ, ಕೋನ ತಪ್ಪಿದರೆ, ಚಕ್ಕೆ ಆಚೆ ಅಂಚಿನವರೆಗೆ ಹೋಗದೆ ನಡುವೆಯೇ ಮುರಿದು ಮೆಟ್ಟಿಲು ಉಳಿಯುತ್ತದೆ. ಮತ್ತೆ ಹೊಡೆದರೆ ಬಿರುಕು ಅಲ್ಲಿಗೇ ಬಂದು ನಿಲ್ಲುತ್ತದೆ. ಸುತ್ತ ಕಲ್ಲು ತೆಳುವಾಗಿ, ನಡುವೆ ಗಂಟು ಹಾಗೇ ಉಳಿದು, ಕೊಡಲಿ ಕೈಬಿಡಬೇಕಾಗುತ್ತದೆ. ಇನ್ನೊಂದು, ತುದಿಗೆ ಬಿದ್ದ ಜೋರು ಏಟಿನ ಅದುರು ಕಲ್ಲಿನುದ್ದಕ್ಕೂ ಹಾಯ್ದು ಅಡ್ಡಕ್ಕೆ ಎರಡು ತುಂಡಾಗುವುದು. ಬೆಳಕು ಬದಿಯಿಂದ ಬೀಳುವ ಕಡೆ ನಿಂತು ನೋಡಿದರೆ ಈ ಮೆಟ್ಟಿಲು, ಕುಟ್ಟಿದ ಚುಕ್ಕಿ, ಉಜ್ಜಿದ ಗೆರೆ ಎಲ್ಲ ಎದ್ದು ಕಾಣುತ್ತವೆ.

ಇಷ್ಟು ಉಜ್ಜುವುದು ಬರೀ ಚೆಂದಕ್ಕಲ್ಲ. ಬಿರುಕು ಶುರುವಾಗುವುದೇ ಏಣಿನಲ್ಲಿ. ಏಣು ಹೋದರೆ ಮರಕ್ಕೆ ಬಿದ್ದಾಗ ಬಾಯಿ ಬೇಗ ಹಾರುವುದಿಲ್ಲ. ಮೊಂಡಾದರೆ ಮತ್ತೆ ಉಜ್ಜುತ್ತಿದ್ದರು. ಉಜ್ಜಿದಷ್ಟೂ ಕೊಡಲಿ ಗಿಡ್ಡವಾಗುತ್ತದೆ, ಆದ್ದರಿಂದ ಗಿಡ್ಡ ಕೊಡಲಿ ಕಂಡರೆ ಚಿಕ್ಕದಾಗೇ ಮಾಡಿದ್ದೆಂದು ತೀರ್ಮಾನಿಸಬೇಡಿ.

ನನಗೆ ಆಮೇಲೆ ಇಷ್ಟವಾಗುವುದು ಅರೆಯುವ ಕಲ್ಲು. ಸಂಗನಕಲ್ಲಿನ ಅಗೆತದಲ್ಲಿ ಸಿಕ್ಕ, ಸುಟ್ಟು ಕರಕಲಾದ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಇವೆ. ನಮ್ಮ ಭಾಗದ ಹೊಲಕ್ಕೆ ಇವು ಹೊಸಬೆಳೆಯಲ್ಲ.

ನವಶಿಲಾಯುಗದವರ ಬೂದಿಗುಡ್ಡಗಳ ಬಗ್ಗೆಯೂ ತಿಳಿದುಕೊಳ್ಳಿ. ಕುಡತಿನಿಯದು ಹೆಸರುವಾಸಿ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಬೂದಿ ಅನ್ನುತ್ತಾರೆ. ನಿಜದಲ್ಲಿ ಅದು ದನದ ಸಗಣಿ, ರಾಶಿ ಹಾಕಿ ಸುಟ್ಟದ್ದು. ಹುಲ್ಲಿನಲ್ಲಿರುವ ಸಿಲಿಕಾ ಸಗಣಿಗೂ ಬರುತ್ತದೆ, ಬೆಂಕಿ ಜೋರಾದರೆ ಕರಗಿ ಗಾಜಿನಂತೆ ಗಟ್ಟಿಯಾಗುತ್ತದೆ. ಅದಕ್ಕೇ ಕೆಲವರು ಇದನ್ನು ಕಬ್ಬಿಣದ ಕಿಟ್ಟವೆಂದು ತಪ್ಪು ತಿಳಿಯುತ್ತಾರೆ. ಸಗಣಿಯೇ ಎಂದು 19ನೇ ಶತಮಾನದಲ್ಲೇ ಊಹಿಸಿದವರು ಫೂಟ್, 1863ರಲ್ಲಿ ಚೆನ್ನೈ ಹತ್ತಿರದ ಪಲ್ಲಾವರದಲ್ಲಿ ಹಳೆಶಿಲಾಯುಗದ ಕೈಗೊಡಲಿ ಗುರುತಿಸಿದ ಭೂವಿಜ್ಞಾನಿ.

ಮ್ಯೂಸಿಯಂ ಮುಗಿಸಿಯೇ ಗುಡ್ಡಕ್ಕೆ ಹೋಗಿ, ಕಾಲಡಿಯ ಚೂರುಗಳಲ್ಲಿ ಚಕ್ಕೆ ಯಾವುದೆಂದು ಆಗ ಗೊತ್ತಾಗುತ್ತದೆ. ಡಾಲರೈಟ್ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಗೂಳಿಗಳಿವೆ, ಹೊಡೆದರೆ ಗಂಟೆಯಂತೆ ನುಡಿಯುವ ಬಂಡೆಗಳೂ ಇವೆ. ಚಿತ್ರದ ಮೇಲೆ ಸೀಮೆಸುಣ್ಣ ಎಳೆಯಬೇಡಿ. ಒಂದು ಚಕ್ಕೆಯನ್ನೂ ಜೇಬಿಗೆ ಹಾಕಬೇಡಿ: ಯಾರು ಎಲ್ಲಿ ಕೂತು ಒಡೆದರು, ಎಲ್ಲಿ ಉಜ್ಜಿದರು ಎಂದು ತಿಳಿಯುವುದು ಆ ಚಕ್ಕೆ ಬಿದ್ದ ಜಾಗದಿಂದ.