ಸೊಂಟನೋವಿದ್ದವರ ಸೈಕಲ್: ನೆಟ್ಟಗೆ ಕೂರುವುದರ ಲೆಕ್ಕಾಚಾರ

ಸೊಂಟನೋವಿದ್ದೂ ಸೈಕಲ್ ತುಳಿಯುವ ಆಸೆ ಬಿಡದವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ನೆಟ್ಟಗೆ ಕುಳಿತು ಓಡಿಸುವಂಥ ಸೈಕಲ್ ಕೊಳ್ಳಿ. ಸಲಹೆ ಸರಿಯಾದದ್ದೇ, ಆದರೆ ಪೂರ್ತಿಯಲ್ಲ. ಕೆಳಬೆನ್ನಿನ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿರುವ ನಾನು ದಾವಣಗೆರೆಯ ವಿದ್ಯಾನಗರದಿಂದ ಮಂಡಿಪೇಟೆಗೆ ಹೋಗಿಬರಲು ಸೈಕಲ್ ಹುಡುಕಲು ಹೊರಟಾಗ ಮನದಟ್ಟಾದದ್ದೇನೆಂದರೆ, ಮುಂದಕ್ಕೆ ಬಾಗುವ ಕಷ್ಟ ತಪ್ಪಿದ ಕೂಡಲೇ ರಸ್ತೆಯ ಕುಲುಕಾಟದ ಕಷ್ಟ ಶುರುವಾಗುತ್ತದೆ, ಅದನ್ನು ಸೀಟು ಮತ್ತು ಹಿಂದಿನ ಟೈರು ತಡೆಯದಿದ್ದರೆ ಬೆನ್ನುಮೂಳೆಯೇ ತಡೆಯಬೇಕಾಗುತ್ತದೆ.

ಬಾಗುವುದು ಏಕೆ ಕೆಟ್ಟದ್ದು ಎಂಬುದನ್ನು ಮೊದಲು ನೋಡೋಣ. ಸ್ವೀಡನ್ನಿನ ಮೂಳೆ ತಜ್ಞ ಆಲ್ಫ್ ನಾಕೆಮ್ಸನ್ 1960 ಮತ್ತು 70ರ ದಶಕಗಳಲ್ಲಿ ಡಿಸ್ಕಿನೊಳಕ್ಕೆ ಸೂಜಿ ಇಳಿಸಿ ಅಲ್ಲಿನ ಒತ್ತಡವನ್ನು ಅಳೆದಿದ್ದರು. ನಿಂತಾಗಿನದಕ್ಕಿಂತ ಮುಂದೆ ಬಾಗಿ ಕುಳಿತಾಗ ಆ ಒತ್ತಡ ಬಹಳ ಹೆಚ್ಚು ಎಂಬುದು ಅವರಿಗೆ ಕಂಡುಬಂತು. ಕೆಳಗಿಳಿದ ಹ್ಯಾಂಡಲಿನ ರೇಸಿಂಗ್ ಸೈಕಲ್ಲು ಡಿಸ್ಕ್ ತೊಂದರೆಯವರಿಗೆ ಒಗ್ಗದಿರುವುದಕ್ಕೆ ಕಾರಣ ಇದು. ಆದರೆ ಸೊಂಟನೋವೆಲ್ಲ ಒಂದೇ ಜಾತಿಯದಲ್ಲ. ವಯಸ್ಸಾದವರಲ್ಲಿ ಬೆನ್ನುಹುರಿಯ ಕಾಲುವೆ ಕಿರಿದಾಗಿ ನರ ಒತ್ತಿಕೊಳ್ಳುವ ತೊಂದರೆಯಿದ್ದರೆ, ಅವರಿಗೆ ನೆಟ್ಟಗೆ ನಿಂತಾಗ, ನಡೆದಾಗ ಕಾಲು ಜೋಮು ಹಿಡಿಯುತ್ತದೆ, ತುಸು ಮುಂದೆ ಬಾಗಿದರೆ ಆರಾಮ ಎನಿಸುತ್ತದೆ. ನೂರು ಹೆಜ್ಜೆ ನಡೆಯಲಾರದವರು ಬಾಗಿ ಕುಳಿತು ಸೈಕಲ್ ತುಳಿಯಬಲ್ಲರು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ತಮ್ಮ ನೋವು ಯಾವುದು ಎಂದು ಮೂಳೆ ತಜ್ಞರಲ್ಲಿ ಕೇಳಿ ತಿಳಿದುಕೊಂಡಿರುವುದು ಅಗತ್ಯ. ನಾನು ಮುಂದೆ ಬರೆಯುವುದು ಮೊದಲನೆಯ ಬಗೆಯವರಿಗೆ.

ನೆಟ್ಟಗೆ ಕುಳಿತಾಗ ಮೈಭಾರದ ಹೆಚ್ಚಿನ ಪಾಲು ಸೀಟಿನ ಮೇಲೂ ಅದರ ಮೂಲಕ ಹಿಂದಿನ ಚಕ್ರದ ಮೇಲೂ ಬೀಳುತ್ತದೆ. ಕೈಗಳು ಹೊರುವುದು ಅತ್ಯಲ್ಪ. ಆದ್ದರಿಂದ ರಿಂಗ್ ರೋಡಿನಿಂದ ಒಳಗಿನ ಬಡಾವಣೆಗೆ ತಿರುಗಿದ ಕೂಡಲೇ ಎದುರಾಗುವ ಹಂಪು, ಒಳಚರಂಡಿಯ (ಯುಜಿಡಿ) ಮುಚ್ಚಳ, ಪೈಪಿಗಾಗಿ ಅಗೆದು ಅರೆಬರೆ ಮುಚ್ಚಿದ ಗುಂಡಿ, ಇವೆಲ್ಲದರ ಏಟು ನೇರವಾಗಿ ಕೆಳಬೆನ್ನಿಗೆ ತಲುಪುತ್ತದೆ. ಇಷ್ಟು ತಿಳಿದರೆ, ಅಂಗಡಿಯವರು ಅಷ್ಟೊಂದು ಹೊಗಳುವ ಮುಂದಿನ ಶಾಕ್ ಅಬ್ಸಾರ್ಬರ್ ನಮಗೇಕೆ ಹೆಚ್ಚು ಉಪಯೋಗವಿಲ್ಲ ಎಂಬುದೂ ಅರ್ಥವಾಗುತ್ತದೆ: ಅದು ಕಾಪಾಡುವುದು ಅಂಗೈ, ಮಣಿಕಟ್ಟುಗಳನ್ನು, ಸೊಂಟವನ್ನಲ್ಲ. ಅಗ್ಗದ ಸೈಕಲ್ಲುಗಳಲ್ಲಂತೂ ಅದು ತೂಕ ಹೆಚ್ಚಿಸುವ ಅಲಂಕಾರ ಎಂದೇ ನನ್ನ ಅಭಿಪ್ರಾಯ.

ಹಾಗಾಗಿ ಹಣವನ್ನು ಟೈರು ಮತ್ತು ಸೀಟಿಗೆ ಮೀಸಲಿಡಬೇಕು. ಟೈರು 35ರಿಂದ 40 ಮಿಲಿಮೀಟರ್ ಅಗಲವಿದ್ದರೆ ನಮ್ಮ ಊರಿನ ರಸ್ತೆಗೆ ಸಾಕು, ಇನ್ನೂ ದಪ್ಪವಿದ್ದರೆ ತೊಂದರೆಯಿಲ್ಲ. ಗಾಳಿಯನ್ನು ಕಲ್ಲಿನಂತೆ ಗಟ್ಟಿಯಾಗುವವರೆಗೆ ತುಂಬಿಸಿಕೊಳ್ಳುವ ಅಭ್ಯಾಸವನ್ನು ಮಾತ್ರ ಬಿಡಬೇಕು; ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿಗಿಂತ ಸಾಕಷ್ಟು ಕಡಿಮೆ ಇಟ್ಟರೆ ಸಣ್ಣ ಕುಲುಕಾಟಗಳನ್ನು ಟೈರೇ ನುಂಗುತ್ತದೆ. ಸೀಟಿನ ವಿಷಯದಲ್ಲಿ ಮೆತ್ತಗಿರುವುದೆಲ್ಲ ಒಳ್ಳೆಯದಲ್ಲ. ಬೆರಳೊತ್ತಿದರೆ ತಳ ಮುಟ್ಟುವ ಜೆಲ್ ಸೀಟಿನಲ್ಲಿ ಪೃಷ್ಠದ ಮೂಳೆಗಳು ಹೂತುಹೋಗಿ, ಸೊಂಟ ಹಿಂದಕ್ಕೆ ಮಗುಚಿ, ಬೆನ್ನು ಗೂನಾಗುತ್ತದೆ. ಅಗಲವಾದ, ಗಟ್ಟಿಯಾದ, ಅಡಿಯಲ್ಲಿ ಎರಡು ಸುರುಳಿ ಸ್ಪ್ರಿಂಗ್ ಇರುವ ಹಳೆಯ ಮಾದರಿಯ ಸೀಟೇ ನೆಟ್ಟಗೆ ಕೂರುವವರಿಗೆ ತಕ್ಕದ್ದು. ಅದೃಷ್ಟಕ್ಕೆ ಅದು ಬಿಡಿಯಾಗಿ ಸಿಗುತ್ತದೆ, ಬೇರೆ ಸೈಕಲ್ಲಿಗೂ ಹಾಕಿಸಿಕೊಳ್ಳಬಹುದು.

ಹಾಗಿದ್ದರೆ ನಮ್ಮ ಅಪ್ಪಂದಿರು ತುಳಿಯುತ್ತಿದ್ದ ಹೀರೋ, ಅಟ್ಲಾಸ್, ಹರ್ಕ್ಯುಲಿಸ್‌ಗಳ ದೊಡ್ಡ ಕಪ್ಪು ಸೈಕಲ್ಲೇ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. 28 ಇಂಚಿನ ಚಕ್ರ, ಒಂದೂವರೆ ಇಂಚಿನ ಟೈರು, ಸ್ಪ್ರಿಂಗ್ ಸೀಟು, ಹಿಂದಕ್ಕೆ ಬಾಗಿದ ಹ್ಯಾಂಡಲ್, ಎಲ್ಲವೂ ಅದರಲ್ಲಿವೆ; ತುಳಿಯುವಾಗ ಅದಕ್ಕಿಂತ ಹಿತವಾದದ್ದು ಇಲ್ಲವೆಂದೇ ಹೇಳಬೇಕು. ತೊಂದರೆ ಇರುವುದು ಇಳಿದ ಮೇಲೆ. ಸುಮಾರು 20 ಕಿಲೋ ತೂಗುವ ಆ ಸೈಕಲ್ಲನ್ನು ಸ್ಟ್ಯಾಂಡ್ ಹಾಕಬೇಕಾದರೆ ಬಗ್ಗಿ, ಕ್ಯಾರಿಯರ್ ಹಿಡಿದು, ಹಿಂದಿನ ಚಕ್ರವನ್ನು ಎತ್ತಿ ಎಳೆಯಬೇಕು. ಡಿಸ್ಕ್ ತೊಂದರೆಯವರು ಮಾಡಲೇಬಾರದ ಕೆಲಸ ಅದು, ಅದನ್ನು ಅಂಗಡಿ ಅಂಗಡಿಯ ಮುಂದೆ ಮಾಡಬೇಕು. ಸೈಡ್ ಸ್ಟ್ಯಾಂಡ್ ಹಾಕಿಸಿಕೊಳ್ಳದೆ ಆ ಸೈಕಲ್ಲನ್ನು ಕೊಳ್ಳಬೇಡಿ. ಮನೆಗೆ ಮೆಟ್ಟಿಲುಗಳಿದ್ದರೆ ಅದನ್ನು ಮರೆತು, ಐದಾರು ಕಿಲೋ ಕಡಿಮೆ ತೂಗುವ ಹೈಬ್ರಿಡ್ ಸೈಕಲ್ಲನ್ನು (ರೇಸಿಂಗ್ ಮತ್ತು ಮೌಂಟನ್ ಸೈಕಲ್ಲುಗಳ ಗುಣ ಬೆರೆತದ್ದು) ನೋಡುವುದು ಉತ್ತಮ.

ಇನ್ನೊಂದು ತೊಡಕು ಮೇಲಿನ ಬಾರ್. ಕ್ಯಾರಿಯರಿನ ಮೇಲೆ ಚೀಲವಿದ್ದಾಗ ಅದರಾಚೆಗೆ ಕಾಲು ಬೀಸಿ ಹತ್ತುವುದೆಂದರೆ ಸೊಂಟವನ್ನು ತಿರುಚುವುದು, ಅದೂ ಒಂಟಿ ಕಾಲಿನ ಮೇಲೆ ನಿಂತು. ಬಾರ್ ಇಲ್ಲದ ಸೈಕಲ್ ತೋರಿಸಿ ಎಂದು ನಾನು ಕೇಳಿದಾಗ ಅಂಗಡಿಯ ಹುಡುಗ, "ಅದು ಲೇಡೀಸ್ ಸೈಕಲ್ ಸರ್, ನಿಮಗ್ಯಾಕೆ?" ಎಂದು ನಕ್ಕ. ನಾನು ಕೊಂಡದ್ದು ಅದನ್ನೇ. ಗಂಡಸರು ಈ ಸಂಕೋಚಕ್ಕಾಗಿ ಸೊಂಟವನ್ನು ಬಲಿಕೊಡುವುದರಲ್ಲಿ ಅರ್ಥವಿಲ್ಲ.

ಅಳತೆ ಹೊಂದಿಸುವುದನ್ನು ಅಂಗಡಿಯಲ್ಲೇ ಮಾಡಿಸಿಕೊಳ್ಳಬೇಕು. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗುವಷ್ಟು ಸೀಟು ಎತ್ತರವಿರಲಿ; ಅದಕ್ಕಿಂತ ಮೇಲೇರಿದರೆ ತುಳಿತುಳಿತಕ್ಕೂ ಸೊಂಟ ಅತ್ತಿತ್ತ ಓಲಾಡುತ್ತದೆ. ಹ್ಯಾಂಡಲ್ ಸೀಟಿಗಿಂತ ನಾಲ್ಕು ಬೆರಳಾದರೂ ಮೇಲಿದ್ದು, ಮೊಣಕೈ ಸಡಿಲವಾಗಿ ಬಾಗಿರುವಷ್ಟು ಹತ್ತಿರವಿರಬೇಕು. ಹಳೆಯ ಮಾದರಿಯ ಹ್ಯಾಂಡಲ್ ಕಂಬವನ್ನು ಅದರ ಮೇಲಿನ ಗುರುತಿನವರೆಗೆ ಎತ್ತಬಹುದು, ಗುರುತು ಹೊರಗೆ ಕಂಡರೆ ಅಪಾಯ. ಹೊಸ ಮಾದರಿಗಳಲ್ಲಿ ಹೀಗೆ ಎತ್ತಲು ಬರುವುದಿಲ್ಲ, ಬೇರೆ ತುಂಡು ಜೋಡಿಸಬೇಕಾಗುತ್ತದೆ. ಇದನ್ನು ಹಣ ಕೊಡುವ ಮೊದಲೇ ಕೇಳಿ.

ಗೇರಿನ ಮಾತು ಊರಿಗೆ ತಕ್ಕಂತೆ. ದಾವಣಗೆರೆ ಬಹುಪಾಲು ಸಮತಟ್ಟಾದ್ದರಿಂದ ಗೇರಿಲ್ಲದೆ ನಡೆಯುತ್ತದೆ. ಚಿತ್ರದುರ್ಗದಲ್ಲಿ ಕೋಟೆಯ ಕಡೆಗೋ ಜೋಗಿಮಟ್ಟಿಯ ಕಡೆಗೋ ಏರುವವರು ಗೇರಿಲ್ಲದೆ ಹ್ಯಾಂಡಲ್ ಜಗ್ಗಿ ತುಳಿಯಲು ಹೋದರೆ ಆ ಜಗ್ಗಾಟವೆಲ್ಲ ಕೆಳಬೆನ್ನಿನ ಸ್ನಾಯುಗಳದ್ದೇ ಆಗುತ್ತದೆ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಎದುರುಗಾಳಿಗೆ ನೆಟ್ಟಗೆ ಕುಳಿತ ಮೈ ಪೂರ್ತಿ ಅಡ್ಡವಾಗುತ್ತದೆ, ಆಗ ನಮ್ಮೂರಿನಲ್ಲೂ ಒಂದೆರಡು ಹಗುರ ಗೇರುಗಳಿದ್ದರೆ ಚೆನ್ನಾಗಿತ್ತು ಎನಿಸುತ್ತದೆ. ಸಾಮಾನುಗಳನ್ನು ಬೆನ್ನಿಗೆ ಏರಿಸದೆ ಕ್ಯಾರಿಯರಿಗೋ ಮುಂದಿನ ಬುಟ್ಟಿಗೋ ಹಾಕಿ. ತುಳಿಯುವಾಗ ನೋವು ಕಾಲಿಗೆ ಇಳಿಯತೊಡಗಿದರೆ ಅಥವಾ ಪಾದ ಜೋಮು ಹಿಡಿದರೆ ಸೀಟು, ಹ್ಯಾಂಡಲ್ ತಿರುಗಿಸುತ್ತಾ ಕೂರದೆ ವೈದ್ಯರಲ್ಲಿಗೆ ಹೋಗಬೇಕು.