ಚುಕ್ಕಿ ಸೇರಿತ್ತು, ಟೈಮಿಂಗ್ ಸೇರಿರಲಿಲ್ಲ

ಹಳೆ ಕಾರುಗಳ ಇಂಜಿನ್ ಬಿಚ್ಚಿ ಕಟ್ಟುವುದು ನನ್ನ ಕೆಲಸ. ಒಮ್ಮೆ ಪುಶ್‌ರಾಡ್ (ವಾಲ್ವ್ ತೆರೆಯಲು ತಳ್ಳುವ ಕಡ್ಡಿ) ಇರುವ ನಾಲ್ಕು ಸಿಲಿಂಡರ್ ಇಂಜಿನ್ ಒಂದನ್ನು ಪೂರ್ತಿ ಕಟ್ಟಿದೆ. ಪಿಸ್ಟನ್‌ಗೆ ಸೇರಿದ ಕ್ರ್ಯಾಂಕಿನಿಂದ ವಾಲ್ವ್ ತೆರೆಸುವ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಹೊಸದು, ಅದು ಕೂರುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ಅದೂ ಹೊಸದು. ಜೋಡಿಸಲು ಸ್ಪ್ರಾಕೆಟ್‌ಗಳ ಮೇಲೆ ಇರುವ ಎರಡೂ ಗುರುತಿನ ಚುಕ್ಕಿ ಎದುರುಬದುರು ಬಂದವು, ಕವರ್ ಮುಚ್ಚಿದೆ. ಸ್ಟಾರ್ಟ್ ಏನೋ ಆಯಿತು. ಆದರೆ ಕಡಿಮೆ ಆರ್‌ಪಿಎಂನಲ್ಲಿ ದಮ್ಮೇ ಇಲ್ಲ. ಸುಮ್ನೆ ಕಾರ್ಬ್ಯುರೇಟರ್ ಮೇಲೆ ಅನುಮಾನಪಟ್ಟು ಎರಡು ದಿನ ಅದರ ಜೊತೆ ಗುದ್ದಾಡಿದೆ. ಇಗ್ನಿಷನ್ನನ್ನೂ ಹಿಂದೆ ಮುಂದೆ ಮಾಡಿದೆ. ಉಹುಂ.

ಕೊನೆಗೆ ಹೆಡ್ಡು, ಮುಂದಿನ ಕವರು ಬಿಚ್ಚಿ ಕ್ರ್ಯಾಂಕಿಗೆ ಡಿಗ್ರಿ ಪ್ಲೇಟ್ (ಡಿಗ್ರಿ ಗುರುತುಗಳಿರುವ ದುಂಡು ತಟ್ಟೆ) ಕಟ್ಟಿದೆ. ಇಲ್ಲೂ ಎಡವಿದೆ. ಪಿಸ್ಟನ್ ಮೇಲಿಟ್ಟ ಡಯಲ್ ಗೇಜ್ ಮುಳ್ಳು ಎಲ್ಲಿ ನಿಂತಿತೋ ಅದೇ ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲೆ ಬರುವ ಜಾಗ, ಅಂದುಕೊಂಡೆ. ಅಳೆದಾಗಲೆಲ್ಲ ಬೇರೆ ಲೆಕ್ಕ. ಬರದೇ ಇರುತ್ತಾ? ತುದಿಯಲ್ಲಿ ಕ್ರ್ಯಾಂಕ್ ಒಂದೆರಡು ಡಿಗ್ರಿ ತಿರುಗಿದರೂ ಪಿಸ್ಟನ್ ಅಲ್ಲಾಡಿದ್ದು ಗೊತ್ತೇ ಆಗುವುದಿಲ್ಲ.

ಆಮೇಲೆ ಬ್ಲಾಕಿನ ಮೇಲೆ ಒಂದು ಅಡ್ಡಪಟ್ಟಿ ಬಿಗಿದೆ. ಅದರ ಬೋಲ್ಟು ಪಿಸ್ಟನ್ನನ್ನು ತುದಿ ಮುಟ್ಟುವ ಮೊದಲೇ ತಡೆಯುತ್ತದೆ. ಒಂದು ಕಡೆ ತಿರುಗಿಸಿದರೆ 38 ಡಿಗ್ರಿಗೆ ನಿಂತಿತು, ಇನ್ನೊಂದು ಕಡೆ 34ಕ್ಕೆ. ಎರಡೂ ಕಡೆ 36 ಬರುವ ಹಾಗೆ ಪ್ಲೇಟಿನ ಮುಳ್ಳು ಸರಿಸಿದೆ. ಈಗ ಸೊನ್ನೆ ನಿಜವಾದ ಸೊನ್ನೆ.

ಕ್ಯಾಮಿನ ಮೂತಿಯ, ಅಂದರೆ ವಾಲ್ವ್ ಎತ್ತುವ ಉಬ್ಬಿನ ತುದಿಯ, ಕಥೆಯೂ ಅದೇ. ಅದರ ನಡುವನ್ನೂ ಎರಡು ಕಡೆಯಿಂದ ಓದಿ ಹುಡುಕಬೇಕು. ಒಂದನೇ ಸಿಲಿಂಡರಿನ ಇನ್‌ಲೆಟ್ ಪುಶ್‌ರಾಡ್ ಮೇಲೆ ಗೇಜ್ ಇಟ್ಟೆ. ಪೂರ್ತಿ ಎತ್ತರಕ್ಕೆ 1 ಮಿ.ಮೀ. ಕಡಿಮೆ ಇರುವಾಗ, ಏರುವಾಗೊಮ್ಮೆ ಇಳಿಯುವಾಗೊಮ್ಮೆ ಓದಿದೆ. ಟಿಡಿಸಿ ದಾಟಿ 84 ಡಿಗ್ರಿ, ಆಮೇಲೆ 152. ನಡು 118. ಈ ಓದುವ ಕೆಲಸದಲ್ಲಿ ಮಾತ್ರ ಕ್ರ್ಯಾಂಕನ್ನು ಇಂಜಿನ್ ಓಡುವ ದಿಕ್ಕಿಗೇ ತಿರುಗಿಸಬೇಕು. ಅಂಕಿ ದಾಟಿಹೋದರೆ ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಬನ್ನಿ, ಇಲ್ಲದಿದ್ದರೆ ಚೈನಿನ ಸಡಿಲವೂ ಲೆಕ್ಕಕ್ಕೆ ಸೇರುತ್ತದೆ.

ಮ್ಯಾನ್ಯುಯಲ್‌ನಲ್ಲಿ ಇದ್ದದ್ದು 111. ಅಂದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಕ್ಯಾಮ್ 7 ಡಿಗ್ರಿ ಲೇಟು. ಹಲ್ಲು ತಪ್ಪಿದ್ದಲ್ಲ. 40 ಹಲ್ಲಿನ ಕ್ಯಾಮ್ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಅಂದರೆ ಕ್ರ್ಯಾಂಕಿನ 18 ಡಿಗ್ರಿ. ಹೊಸ ಸ್ಪ್ರಾಕೆಟ್‌ನಲ್ಲಿ ಕೀ (ಅದನ್ನು ಶಾಫ್ಟಿಗೆ ಹಿಡಿದಿಡುವ ಲೋಹದ ತುಂಡು) ಕೂರುವ ಸೀಳನ್ನೇ ಸ್ವಲ್ಪ ವಾರೆಯಾಗಿ ಕೊರೆದಿದ್ದರು. ಹಳೆಯದರ ಜೊತೆ ಇಟ್ಟು ನೋಡಿದಾಗ ಕಣ್ಣಿಗೇ ಕಂಡಿತು. ಮೊದಲೇ ನೋಡಬಹುದಿತ್ತು, ಅಲ್ವಾ?

ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದೇ ಸುತ್ತು. ಹಾಗಾಗಿ ಕ್ಯಾಮನ್ನು 4 ಡಿಗ್ರಿ ಸರಿಸುವ ಆಫ್‌ಸೆಟ್ ಕೀ (ಒಂದು ಪಕ್ಕಕ್ಕೆ ಜರುಗಿಸಿ ಮಾಡಿದ ಕೀ) ಹಾಕಿದೆ. ಕ್ರ್ಯಾಂಕಿನಲ್ಲಿ ಅದು 8. ಅಳೆದರೆ 126! ಕೀ ಉಲ್ಟಾ ಹಾಕಿದ್ದೆ. ತಿರುಗಿಸಿ ಹಾಕಿದಾಗ 110 ಬಂತು. ಚೈನ್ ಸವೆದಂತೆ ಕ್ಯಾಮ್ ಹೇಗಿದ್ದರೂ ಹಿಂದೆ ಬೀಳುತ್ತದೆ. ಆ ಒಂದು ಡಿಗ್ರಿ ಹಾಗೇ ಇರಲಿ ಅಂತ ಕವರ್ ಮುಚ್ಚಿದೆ.