ಹಾಲು ಕುಡಿದರೆ ಸಾಕು ಅಂದುಕೊಂಡಿದ್ದೆವು

ಕಳೆದ ವರ್ಷ ಮಳೆಗಾಲ ಶುರುವಾದಾಗ ನಮ್ಮ ಚಿಕ್ಕವಳಿಗೆ ಜ್ವರ ಬಂತು. ಆಗ ಅವಳಿಗೆ ಮೂರು ವರ್ಷ ತುಂಬಿ ಎರಡು ತಿಂಗಳು. ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಜ್ವರದ ಬಗ್ಗೆ ಜಾಸ್ತಿ ಏನೂ ಹೇಳಲಿಲ್ಲ. ಅವಳ ಕೆಳರೆಪ್ಪೆ ಸ್ವಲ್ಪ ಎಳೆದು ನೋಡಿದರು, ಅಂಗೈ ನೋಡಿದರು, ಆಮೇಲೆ "ದಿನಕ್ಕೆ ಎಷ್ಟು ಹಾಲು ಕುಡೀತಾಳೆ?" ಅಂತ ಕೇಳಿದರು. "ಊಟ ಸೇರಲ್ಲ ಡಾಕ್ಟ್ರೇ, ಆದ್ರೆ ಹಾಲು ಮಾತ್ರ ಮುಕ್ಕಾಲು ಲೀಟರಿಗೆ ಕಮ್ಮಿ ಇಲ್ಲ" ಅಂದೆ. ಹಾಲಾದರೂ ಹೊಟ್ಟೆಗೆ ಹೋಗ್ತಿದೆಯಲ್ಲ ಅನ್ನೋ ಸಮಾಧಾನ ನನಗೆ. ಅವರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ಹಿಮೋಗ್ಲೋಬಿನ್ 8.9 ಬಂತು. ಎರಡು ವರ್ಷ ತುಂಬಿದ, ಐದು ವರ್ಷದೊಳಗಿನ ಮಕ್ಕಳಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮದೇನು ಊಟಕ್ಕಿಲ್ಲದ ಮನೆಯಲ್ಲ. ಮೈಸೂರಲ್ಲಿದ್ದೇವೆ, ಸೊಪ್ಪು ತರಕಾರಿ ಬೀದಿಗೇ ಬರುತ್ತದೆ. ಹಾಗಿದ್ದೂ ಹೀಗೇಕೆ ಅಂತ ಓದುತ್ತಾ ಕೂತಾಗ ಗೊತ್ತಾಯಿತು, ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ ಇತ್ತು. ಮೂರರಲ್ಲಿ ಎರಡು ಮಕ್ಕಳು ಅಂದ ಹಾಗಾಯಿತು, ಅಲ್ವಾ?

ಡಾಕ್ಟರು ಹೇಳಿದ್ದು ಇಷ್ಟು. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಪ್ರೋಟೀನ್ ಇದೆ, ಆದರೆ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜಾಸ್ತಿ ಹಾಲು ಕುಡಿದ ಮಗುವಿನ ಸಣ್ಣ ಹೊಟ್ಟೆ ತುಂಬಿಬಿಡುತ್ತದೆ, ಹಸಿವೇ ಆಗುವುದಿಲ್ಲ. ಹಸಿವಿಲ್ಲದ ಮಗು ಸೊಪ್ಪು, ಕಾಳು, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಅದರ ಮೇಲೆ, ಊಟದ ಜೊತೆಗೇ ಹಾಲು ಕೊಟ್ಟರೆ ಊಟದಲ್ಲಿರುವ ಅಷ್ಟಿಷ್ಟು ಕಬ್ಬಿಣ ಮೈಗೆ ಹತ್ತುವುದೂ ಕಡಿಮೆ. ಒಂದು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಅರ್ಧ ಲೀಟರ್ ಮೇಲೆ ಹಾಲು ಬೇಡ ಅಂದರು. ನಾವು ಮಾಡುತ್ತಿದ್ದುದು ಏನು? ಊಟ ಮಾಡಲಿಲ್ಲ, ಪಾಪ, ಒಂದು ಲೋಟ ಹಾಲಾದರೂ ಕುಡಿಯಲಿ. ಹಾಲು ಕುಡಿದಿದ್ದಕ್ಕೆ ಊಟ ಸೇರಲಿಲ್ಲ. ಊಟ ಸೇರಲಿಲ್ಲ ಅಂತ ಮತ್ತೆ ಹಾಲು. ಎರಡು ವರ್ಷ ಇದೇ ಸುತ್ತಿನಲ್ಲಿ ತಿರುಗಿದ್ದೇವೆ.

ಕಬ್ಬಿಣದ ಸಿರಪ್ ಮೂರು ತಿಂಗಳಿಗೆ ಬರೆದುಕೊಟ್ಟರು. ಹಾಲಿನ ಜೊತೆ ಕೊಡಬಾರದು, ಸ್ವಲ್ಪ ನಿಂಬೆರಸದ ನೀರಿನ ಜೊತೆ ಕೊಟ್ಟರೆ ಒಳ್ಳೆಯದು, ಕಕ್ಕ ಕಪ್ಪಗಾದರೆ ಗಾಬರಿಯಾಗಬೇಡಿ ಅಂತ ಮೊದಲೇ ಹೇಳಿದ್ದರು. ಜಂತುಹುಳದ ಮಾತ್ರೆ ಬಗ್ಗೆಯೂ ಕೇಳಿದರು. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಅಂಗನವಾಡಿಗಳಲ್ಲಿ ಒಂದು ವರ್ಷ ತುಂಬಿದ ಮಕ್ಕಳಿಗೆಲ್ಲ ಉಚಿತವಾಗಿ ಕೊಡುತ್ತಾರೆ, ಅದು ಖಾಸಗಿ ಪ್ಲೇಸ್ಕೂಲಿಗೆ ಹೋಗುವ ಮಕ್ಕಳಿಗೂ ಬೇಕು. ನಾವು ಒಂದು ಸಲವೂ ಹಾಕಿಸಿರಲಿಲ್ಲ. ಒಂದು ಮಾತು ಮಾತ್ರ ನೆನಪಿಡಿ, ಸಿರಪ್ ಅನ್ನು ಯಾರೋ ಹೇಳಿದರು ಅಂತ ಅಂಗಡಿಯಿಂದ ನೀವೇ ತಂದು ಹಾಕಬೇಡಿ, ಎಷ್ಟು ಅನ್ನುವುದು ಮಗುವಿನ ತೂಕ ನೋಡಿ ಡಾಕ್ಟರೇ ಹೇಳಬೇಕು.

ಸಿರಪ್ ಸುಲಭದ ಭಾಗ. ಕಷ್ಟ ಇದ್ದಿದ್ದು ಅಡುಗೆಮನೆಯಲ್ಲಿ, ಊಟಕ್ಕೆ ಕೂರುವ ಜಾಗದಲ್ಲಿ.

ಆಗ ನಮ್ಮ ಸಂಜೆಗಳು ಹೇಗಿದ್ದವು ಅಂದರೆ, ಏಳು ಗಂಟೆಗೆ ಮಕ್ಕಳಿಗೆ ಫೋನ್ ಹಿಡಿಸಿ ಬಾಯಿಗೆ ತುತ್ತು ಹಾಕುತ್ತಿದ್ದೆ. ಫೋನ್‌ನಲ್ಲಿ ಹಾಡು ಬರುತ್ತಿದ್ದರೆ ಅವಳು ಬಾಯಿ ತೆರೆಯುತ್ತಿದ್ದಳು, ಏನು ತಿಂದೆ ಅಂತ ಕೇಳಿದರೆ ಗೊತ್ತಿರುತ್ತಿರಲಿಲ್ಲ. ನಮ್ಮ ಊಟ ಯಜಮಾನರು ಬಂದ ಮೇಲೆ, ಒಂಬತ್ತೂವರೆಗೆ. ಅಂದರೆ ದೊಡ್ಡವರು ಸೊಪ್ಪು ತಿನ್ನುವುದನ್ನು ನಮ್ಮ ಮಕ್ಕಳು ನೋಡಿಯೇ ಇರಲಿಲ್ಲ. ಇದು ನನಗೆ ಹೊಳೆದಾಗ ನಿಜವಾಗಲೂ ಹೊಟ್ಟೆ ಚುರುಕ್ ಅಂದಿತು.

ಬದಲಾಯಿಸಿದೆವು. ಏಳೂಮುಕ್ಕಾಲಿಗೆ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರುವುದು, ಫೋನ್ ದೇವರ ಮನೆ ಪಕ್ಕದ ಕಪಾಟಿನೊಳಗೆ, ನಮ್ಮದೂ ಸೇರಿ. ವಾರದಲ್ಲಿ ಎರಡು ಮೂರು ದಿನ ಯಜಮಾನರೂ ಹೇಗೋ ಬಂದು ಸೇರುತ್ತಾರೆ. ಹಾಲು ಬೆಳಿಗ್ಗೆ ಒಂದು ಲೋಟ, ಸಂಜೆ ನಾಲ್ಕಕ್ಕೆ ಒಂದು ಸಣ್ಣ ಲೋಟ, ಅಷ್ಟೇ. ಊಟಕ್ಕೆ ಎರಡು ಗಂಟೆ ಮೊದಲಿನಿಂದ ನೀರು ಬಿಟ್ಟು ಬೇರೆ ಏನೂ ಇಲ್ಲ, ಬಿಸ್ಕೆಟ್ ಅಂತೂ ಇಲ್ಲವೇ ಇಲ್ಲ. ಏನು ಮಾಡಬೇಕು, ಎಷ್ಟು ಹೊತ್ತಿಗೆ ಬಡಿಸಬೇಕು ಅನ್ನುವುದು ನಮ್ಮ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಅವಳ ಹೊಟ್ಟೆಯ ಕೆಲಸ. ಒತ್ತಾಯ ಇಲ್ಲ, "ಇನ್ನೊಂದೇ ತುತ್ತು" ಇಲ್ಲ, ತಿಂದರೆ ಚಾಕಲೇಟ್ ಅನ್ನುವ ಆಸೆಯೂ ಇಲ್ಲ.

ಮೊದಲ ವಾರ ಬಹಳ ಕಷ್ಟವಾಯಿತು. ಅತ್ತಳು, ತಟ್ಟೆ ತಳ್ಳಿದಳು, ನಾಲ್ಕು ದಿನ ಬರೀ ಮೊಸರನ್ನ ತಿಂದಳು. ಮೂರನೇ ರಾತ್ರಿ ನಾನು ಎದ್ದು ಹಾಲು ಕಾಯಿಸಲು ಒಲೆ ಹಚ್ಚಿಯೇಬಿಟ್ಟಿದ್ದೆ. ಮಂಡ್ಯದಿಂದ ಬಂದಿದ್ದ ನಮ್ಮತ್ತೆ ಹಿಂದೆ ನಿಂತು "ಹಸಿದ್ರೆ ತಾನೇ ಉಣ್ತದೆ ಕಣವ್ವ, ಎರಡು ದಿನ ಸೈರಿಸ್ಕೋ" ಅಂದರು. ಒಲೆ ಆರಿಸಿದೆ. ಆರನೇ ದಿನ ಅತ್ತೆ ಹರಿವೆ ಸೊಪ್ಪು, ಅಲಸಂದೆ ಕಾಳು ಹಾಕಿ ಬಸ್ಸಾರು ಮಾಡಿದ್ದರು. ಅವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ನೋಡುತ್ತಾ ಕೂತಿದ್ದವಳು, "ಅಜ್ಜಿ, ನಂಗೂ" ಅಂದಳು. ಅವರ ತಟ್ಟೆಯಿಂದಲೇ ನಾಲ್ಕು ಗೋಲಿ ಗಾತ್ರದ ಮುದ್ದೆ ತಿಂದಳು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಹೊಸ ರುಚಿ ಒಂದೇ ಸಲಕ್ಕೆ ಒಗ್ಗುವುದಿಲ್ಲ. ಕೆಲವು ಮಕ್ಕಳಿಗೆ ಎಂಟು ಹತ್ತು ಸಲ ತಟ್ಟೆಯಲ್ಲಿ ಕಾಣಿಸಬೇಕು. ನುಗ್ಗೆಸೊಪ್ಪನ್ನು ನಮ್ಮವಳು ಎಷ್ಟೋ ಸಲ ಬದಿಗಿಟ್ಟಳು, ಕೊನೆಗೆ ಅಕ್ಕಿ ರೊಟ್ಟಿಗೆ ಸಣ್ಣಗೆ ಹೆಚ್ಚಿ ಹಾಕಿದಾಗ ತಿಂದಳು. ಸೊಪ್ಪಿನ ಪಲ್ಯಕ್ಕೆ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡುತ್ತೇನೆ, ನಿಂಬೆಯಲ್ಲಿರುವ ವಿಟಮಿನ್ ಸಿಯಿಂದ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಮಕ್ಕಳಿಗೆ ಕಾಫಿ, ಟೀ ರುಚಿ ತೋರಿಸುವ ಅಭ್ಯಾಸ ನಮ್ಮ ಕಡೆ ಇದೆ, ದಯವಿಟ್ಟು ಬೇಡ, ಅದು ಕಬ್ಬಿಣ ಸೇರುವುದನ್ನು ತಡೆಯುತ್ತದೆ.

ಹಾಲು ಕಡಿಮೆ ಮಾಡಿದರೆ ಕ್ಯಾಲ್ಸಿಯಂ ಗತಿಯೇನು ಅಂತ ನನ್ನ ತಂಗಿ ಕೇಳಿದಳು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು. ರಾಗಿಯನ್ನು ಹಾಗೇ ಹಿಟ್ಟು ಮಾಡುವ ಬದಲು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ್ ಅನ್ನುವಂತೆ ಹುರಿದು ಬೀಸಿಸಿದರೆ ಅದರ ಸತ್ವ ಮೈಗೆ ಇನ್ನೂ ಚೆನ್ನಾಗಿ ಸೇರುತ್ತದೆ. ನಮ್ಮ ಅಜ್ಜಿಯರು ಕೂಸಿಗೆ ರಾಗಿ ಸರಿ ಮಾಡುತ್ತಿದ್ದುದು ಹೀಗೇ ಅಲ್ವಾ. 2024ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲೂ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ, ಅದು ನನಗೆ ತುಂಬಾ ಖುಷಿ ಕೊಟ್ಟ ಸುದ್ದಿ.

ದೊಡ್ಡವನಿಗೆ ಏಳು ವರ್ಷ. ಅವನ ಹಾಲಿಗೆ ಹಾಕುತ್ತಿದ್ದ ಪುಡಿಯ ಡಬ್ಬದ ಹಿಂದೆ ಬರೆದಿದ್ದನ್ನು ಮೊದಲ ಸಲ ಓದಿದೆ. ಮೂರರಲ್ಲಿ ಒಂದು ಭಾಗ ಸಕ್ಕರೆ! ಇಂಥ ಪುಡಿಗಳನ್ನು ಹೆಲ್ತ್ ಡ್ರಿಂಕ್ ಪಟ್ಟಿಯಲ್ಲಿ ಇಡಬೇಡಿ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳಿದೆ. ಆ ಡಬ್ಬ ಖಾಲಿಯಾದ ಮೇಲೆ ಮತ್ತೆ ತರಲಿಲ್ಲ. ಸ್ಕೂಲಿಂದ ಬಂದ ತಕ್ಷಣ ಅವನಿಗೆ ಈಗ ಹುರಿಗಡಲೆ, ಕೊಬ್ಬರಿ, ಒಂದು ಚೂರು ಬೆಲ್ಲ, ಇಲ್ಲ ಬಾಳೆಹಣ್ಣು. ಚಿಕ್ಕವಳಿಗೆ ಮಾತ್ರ ಕಡಲೆಬೀಜ, ಹುರಿಗಡಲೆ ಇಡಿಯಾಗಿ ಕೊಡುವುದಿಲ್ಲ, ಗಂಟಲಿಗೆ ಸಿಕ್ಕಿಹಾಕಿಕೊಳ್ಳುವ ಭಯ. ಪುಡಿ ಮಾಡಿ ಉಂಡೆ ಕಟ್ಟಿಕೊಡುತ್ತೇನೆ.

ಊಟ ಬೇಗ ಆಗಿದ್ದರಿಂದ ನಿದ್ದೆಯೂ ಬೇಗ ಬಂತು. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲು ಹನ್ನೊಂದರವರೆಗೆ ಎದ್ದಿರುತ್ತಿದ್ದವಳು ಈಗ ಒಂಬತ್ತಕ್ಕೆ ಮಲಗುತ್ತಾಳೆ, ಬೆಳಿಗ್ಗೆ ಹಸಿದುಕೊಂಡೇ ಏಳುತ್ತಾಳೆ. ಸಂಜೆ ಐದರಿಂದ ಆರೂವರೆ ಪಾರ್ಕಿನಲ್ಲಿ ಓಡುತ್ತಾರೆ, ಮಳೆ ಬಂದರೆ ಮನೆಯೊಳಗೇ ಕುಂಟೆಬಿಲ್ಲೆ.

ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ 11.4 ಬಂತು. ನೆಂಟರ ಮನೆಗೆ ಹೋದಾಗ ಈಗಲೂ ಕಷ್ಟವೇ, ಎಲ್ಲರೂ ಪ್ರೀತಿಯಿಂದ ಬಿಸ್ಕೆಟ್ ಪೊಟ್ಟಣ ಕೈಗಿಡುತ್ತಾರೆ, ಬೇಡ ಅನ್ನಲು ನನಗೂ ಬಾಯಿ ಬರುವುದಿಲ್ಲ. ಹಾಗಾಗಿ ಹೊರಡುವಾಗಲೇ ಫೋನ್ ಮಾಡಿ "ಮಕ್ಕಳಿಗೆ ಏನಾದ್ರೂ ತರಬೇಕು ಅಂದ್ರೆ ಬಾಳೆಹಣ್ಣು ತಂದಿಟ್ಟಿರಿ ಚಿಕ್ಕಮ್ಮ" ಅಂತ ಹೇಳಿಬಿಡುತ್ತೇನೆ. ಹೋದ ಭಾನುವಾರ ಹೋಗುವಷ್ಟರಲ್ಲಿ ಅವರು ಒಂದು ಚಿಪ್ಪು ಏಲಕ್ಕಿ ಬಾಳೆ ತಂದಿಟ್ಟಿದ್ದರು, ಇಬ್ಬರೂ ಸೇರಿ ಆರು ತಿಂದು ಬಂದರು.